ಮನೆಯ ಫೋನು, ಮಗುವಿನ ಪಾಠ

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮೊಬೈಲಿನ ಮೂಲಕ ಕಲಿಕೆ ಎಂದ ಕೂಡಲೇ ನಮ್ಮಲ್ಲಿ ಎರಡು ಭಾಷಣ ಸದಾ ಸಿದ್ಧವಾಗಿರುತ್ತವೆ. ಜಗತ್ತಿನ ಜ್ಞಾನವೆಲ್ಲ ಅಂಗೈಗೆ ಬಂದಿದೆ ಎನ್ನುವುದು ಒಂದು. ಮೊಬೈಲು ಬಂದು ಮಕ್ಕಳು ಹಾಳಾದರು ಎನ್ನುವುದು ಇನ್ನೊಂದು. ಈ ಎರಡನೆಯದನ್ನು ದಿನಕ್ಕೆ ನಾಲ್ಕು ಸಲ ನಮಗೆ ಮುಟ್ಟಿಸುವುದೂ ವಾಟ್ಸ್ಆ್ಯಪ್ಪೇ. ನಾನು ಎರಡನ್ನೂ ಬದಿಗಿಟ್ಟು ದುಡ್ಡಿನ ಮಾತಿನಿಂದ ಶುರು ಮಾಡುತ್ತೇನೆ. ಮಗು ಪಾಠ ಕೇಳುವ ಫೋನನ್ನು ಕೊಂಡವರು ಯಾರು? ತಿಂಗಳ ರೀಚಾರ್ಜ್ ಹಾಕಿಸುವವರು ಯಾರು? ಹಗಲು ಹೊತ್ತು ಅದು ಯಾರ ಜೇಬಿನಲ್ಲಿರುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಮನೆಯ ಮಗು ಎಷ್ಟು ಕಲಿಯುತ್ತದೆ ಎಂಬುದನ್ನು ಮುಕ್ಕಾಲು ಪಾಲು ಹೇಳಿಬಿಡಬಹುದು.

ಪಾಠವನ್ನು ಯಂತ್ರದಿಂದ ದೂರಕ್ಕೆ ಮುಟ್ಟಿಸುವ ಆಸೆ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಯೋಜನೆಯಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸಿಕ್ಕವು. ಆಮೇಲೆ ಆಕಾಶವಾಣಿಯಲ್ಲಿ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಬಂದವು. 2004ರ ಸೆಪ್ಟೆಂಬರ್‌ನಲ್ಲಿ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಅದರ ಪ್ರಯೋಗ ನಮ್ಮ ರಾಜ್ಯದಲ್ಲಿ ನಡೆದದ್ದು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ. ನಡುವೆ ಶಾಲೆಗೊಂದು ಕಂಪ್ಯೂಟರ್ ಕೋಣೆ, ಅದಕ್ಕೊಂದು ಬೀಗ, ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ. ಇವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಧೂಳು ತಿಂದವು ಎಂಬುದನ್ನು ಇಲ್ಲಿರುವ ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ. ಆದರೆ ಒಂದು ಮಾತು ನಿಜ. ರೇಡಿಯೊ ಇರಲಿ, ಟಿವಿ ಇರಲಿ, ಕಂಪ್ಯೂಟರ್ ಇರಲಿ, ಎಲ್ಲವೂ ಶಾಲೆಯ ಸ್ವತ್ತು, ಸರ್ಕಾರದ ಖರ್ಚು. ಕೆಟ್ಟರೆ ಬಿಇಒ ಕಚೇರಿಗೆ ಅರ್ಜಿ ಬರೆಯಬಹುದಿತ್ತು. ಗೌಡರ ಮಗ, ಕೂಲಿಯವನ ಮಗಳು ಒಂದೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು.

ಫೋನು ಬಂದ ದಾರಿ ಬೇರೆ. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಇಂಟರ್ನೆಟ್ ದರ ನೆಲಕ್ಕಿಳಿಯಿತು. ಮರುವರ್ಷ ಅದೇ ಶಿಕ್ಷಕರ ದಿನಾಚರಣೆಯಂದು ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆ ಬಂತು. ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲಿ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. ಪುಸ್ತಕ ಸರ್ಕಾರ ಕೊಟ್ಟಿತು, ಕೋಡನ್ನೂ ಸರ್ಕಾರವೇ ಅಚ್ಚು ಹಾಕಿತು. ಅದನ್ನು ಸ್ಕ್ಯಾನ್ ಮಾಡುವ ಫೋನು ಮಾತ್ರ ಅಪ್ಪ ಅಮ್ಮನ ಸಂಬಳದಿಂದ ಬರಬೇಕು. ಆಗ ಇದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ 15 ಮನೆಗಳಲ್ಲಿ, ಪಟ್ಟಣಗಳಲ್ಲಿ 42ರಲ್ಲಿ. ಉಳಿದವರಿಗೆ ಆ ಕಪ್ಪು ಚೌಕ ಪುಸ್ತಕದ ಚಿತ್ರಗಳಲ್ಲಿ ಒಂದಾಗಿತ್ತು. ನನ್ನ ತರಗತಿಯ ಹುಡುಗರು ಅದಕ್ಕೆ ಬಣ್ಣ ತುಂಬುತ್ತಿದ್ದರು.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಮೇಲಿನ ಕಥೆ ನಿಮಗೆ ಗೊತ್ತು. ಆದರೂ ಕೆಲವು ತಾರೀಕುಗಳನ್ನು ನೆನಪಿಸುತ್ತೇನೆ. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದು ಆದೇಶಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ದೂರದರ್ಶನ ಚಂದನದಲ್ಲಿ ‘ಸೇತುಬಂಧ’ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ವಿದ್ಯಾಗಮದಲ್ಲಿ ಮಕ್ಕಳನ್ನು ಮೂರು ‘ಕಾಲ್ಪನಿಕ ಕೋಣೆ’ಗಳಾಗಿ ವಿಂಗಡಿಸಬೇಕಿತ್ತು: ಮನೆಯಲ್ಲಿ ಫೋನೇ ಇಲ್ಲದವರು, ಬಟನ್ ಫೋನು ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇರುವವರು. ನಾವು ಮೇಷ್ಟ್ರುಗಳು ರಿಜಿಸ್ಟರ್ ಹಿಡಿದು ಬೀದಿ ಬೀದಿ ಸುತ್ತಿ ಪಟ್ಟಿ ಮಾಡಿದೆವು. ಅಲ್ಲಿಯವರೆಗೆ ಶಾಲೆ ಮಕ್ಕಳನ್ನು ತರಗತಿಯಿಂದ, ವಯಸ್ಸಿನಿಂದ, ಹಾಜರಿ ನಂಬರಿನಿಂದ ಗುರುತಿಸುತ್ತಿತ್ತು. ಮನೆಯ ಆಸ್ತಿಯಿಂದ ಮಕ್ಕಳನ್ನು ಕೋಣೆಗಳಾಗಿ ಹಂಚಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು. ಯೋಜನೆ ಮಾಡಿದವರನ್ನು ನಾನು ದೂರುತ್ತಿಲ್ಲ. ಇದ್ದುದರಲ್ಲಿ ಪ್ರಾಮಾಣಿಕವಾದ ಯೋಜನೆ ಅದು. ಫೋನಿಲ್ಲದ ಮಗುವೂ ಇದೆ ಎಂದು ಒಪ್ಪಿಕೊಂಡೇ ಹೊರಟಿತ್ತು. ಮರದಡಿ, ಗುಡಿಯ ಜಗಲಿಯಲ್ಲಿ, ಸಮುದಾಯ ಭವನದ ಅಂಗಳದಲ್ಲಿ ಪಾಠ ನಡೆದವು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. ಉಳಿದದ್ದು ಫೋನು.

ಆ ದಿನಗಳ ವಾಟ್ಸ್ಆ್ಯಪ್ ಗುಂಪನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಬೆಳಿಗ್ಗೆ 10ಕ್ಕೆ ನಾನು ಲೆಕ್ಕ ಹಾಕುತ್ತಿದ್ದೆ. ಒಂದೆರಡು ಮಕ್ಕಳಿಂದ ಮಧ್ಯಾಹ್ನದೊಳಗೆ ಉತ್ತರ ಬರುತ್ತಿತ್ತು. ಅವರ ಅಪ್ಪಂದಿರು ಅಂಗಡಿ ಇಟ್ಟವರು, ಮನೆಯಲ್ಲೇ ಇರುವವರು. ಉಳಿದವರ ನೋಟ್‌ಬುಕ್ಕಿನ ಫೋಟೊ ಬೀಳುತ್ತಿದ್ದದ್ದು ರಾತ್ರಿ ಎಂಟೂವರೆಯಿಂದ ಹತ್ತೂವರೆಯ ನಡುವೆ, ಒಂದರ ಹಿಂದೊಂದು. ಟ್ಯೂಬ್‌ಲೈಟಿನ ಬೆಳಕು, ಪುಟದ ಮೇಲೆ ಕೈಯ ನೆರಳು, ಅಂಚಿನಲ್ಲಿ ಚಾಪೆ, ಒಮ್ಮೊಮ್ಮೆ ಊಟದ ತಟ್ಟೆ. ಅಪ್ಪ ಕೆಲಸದಿಂದ ಬಂದು ಜೇಬಿನಿಂದ ಫೋನು ತೆಗೆದಿಟ್ಟ ಮೇಲೆ ಶಾಲೆ ತೆರೆಯುತ್ತಿತ್ತು. ಯಾರ ಅಪ್ಪನಿಗೆ ಯಾವ ಶಿಫ್ಟು ಎಂಬುದು ಹೋಂವರ್ಕ್ ಬಂದ ಹೊತ್ತಿನಿಂದಲೇ ತಿಳಿಯುತ್ತಿತ್ತು. ಇಬ್ಬರು ಮಕ್ಕಳಿದ್ದರೆ ಮೊದಲು ಎಸ್ಸೆಸ್ಸೆಲ್ಸಿಯವನ ಸರದಿ, ಆಮೇಲೆ ಆರನೇ ಕ್ಲಾಸಿನವಳದು. ಅವಳ ಸರದಿ ಬರುವ ಹೊತ್ತಿಗೆ ದಿನದ ಡೇಟಾ ಮುಗಿದಿರುತ್ತಿತ್ತು, ಇಲ್ಲವೇ ಅವಳೇ ನಿದ್ದೆ ಹೋಗಿರುತ್ತಿದ್ದಳು.

ಹೀಗೆಂದರೆ ಫೋನು ಸಿಗದೆ ತೊಂದರೆಯಾಯಿತು, ಈಗ ಸಿಕ್ಕಿದೆ, ತೊಂದರೆ ತೀರಿತು ಎನ್ನಬಹುದು. ಫೋನು ಸಿಕ್ಕಿದ್ದೇನೋ ನಿಜ. ಹಳ್ಳಿ ಮಕ್ಕಳ ಶಿಕ್ಷಣದ ಸಮೀಕ್ಷೆಯಾದ ‘ಅಸರ್’ ವರದಿಯ ಲೆಕ್ಕದಲ್ಲಿ, ಸ್ಮಾರ್ಟ್‌ಫೋನ್ ಇರುವ ಹಳ್ಳಿಯ ಶಾಲಾ ಮಕ್ಕಳ ಮನೆಗಳು 2018ರಲ್ಲಿ ನೂರಕ್ಕೆ 36.5 ಇದ್ದವು, 2020ರಲ್ಲಿ 61.8 ಆದವು. ಎರಡು ವರ್ಷದಲ್ಲಿ ಇಷ್ಟು ಏರಿದ್ದು ಆಡು, ಓಲೆ, ಚೀಟಿ ಹಣದಿಂದ ಎಂದು ನಾನು ನೋಡಿದ ಮಟ್ಟಿಗೆ ಹೇಳಬಲ್ಲೆ. ಆದರೆ ಕಲಿಕೆ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 2ರಿಂದ 6ನೇ ತರಗತಿಯ 16,067 ಸರ್ಕಾರಿ ಶಾಲೆ ಮಕ್ಕಳನ್ನು ಪರೀಕ್ಷಿಸಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕನಿಷ್ಠ ಒಂದು ಸಾಮರ್ಥ್ಯವನ್ನು ಮರೆತಿದ್ದರು. ಗಣಿತದಲ್ಲಿ ಹೀಗೆ ಮರೆತವರು 82 ಮಂದಿ. ಓದಲು ಬರುವವನಿಗೆ ಫೋನು ಇನ್ನಷ್ಟು ಓದಿಸುತ್ತದೆ. ಅಕ್ಷರ ಕೂಡಿಸುವುದನ್ನೇ ಇನ್ನೂ ಕಲಿಯುತ್ತಿರುವ ಮಗುವಿಗೆ ಪಕ್ಕದಲ್ಲಿ ಒಬ್ಬರು ಬೇಕು. ಮಗು ತಪ್ಪು ಹೇಳಿದ ಕ್ಷಣಕ್ಕೆ ಹೂಂ ಅನ್ನದೆ, “ಇನ್ನೊಂದು ಸಲ ಹೇಳು ಪುಟ್ಟ” ಎನ್ನುವವರು.

ಇದಕ್ಕೆ ಒಳ್ಳೆಯ ಸಾಕ್ಷಿ ಸಿಗುವುದು ದೂರದ ಆಫ್ರಿಕದ ಬೋಟ್ಸ್‌ವಾನಾದಲ್ಲಿ. ಅದೇ ಕೋವಿಡ್ ಕಾಲದಲ್ಲಿ ಅಲ್ಲಿ ಸುಮಾರು 4,500 ಕುಟುಂಬಗಳೊಂದಿಗೆ ಒಂದು ಪ್ರಯೋಗ ಮಾಡಿದರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಸೆಮ್ಮೆಸ್ ಮಾತ್ರ. ಇನ್ನು ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ ಜೊತೆ ಮೇಷ್ಟ್ರಿಂದ ಹದಿನೈದು ಇಪ್ಪತ್ತು ನಿಮಿಷದ ಕರೆ. ಬರಿಯ ಎಸ್ಸೆಮ್ಮೆಸ್ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕರೆ ಹೋದ ಮನೆಗಳ ಮಕ್ಕಳು ಗಣಿತದಲ್ಲಿ ಮುಂದೆ ಬಂದರು. 2022ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸ್ಮಾರ್ಟ್‌ಫೋನೂ ಬೇಡ, ಆ್ಯಪೂ ಬೇಡ. ನಮ್ಮ ಅಜ್ಜಿಯರ ಹತ್ತಿರ ಇರುವ ಬಟನ್ ಫೋನು ಸಾಕು. ಆದರೆ ಅತ್ತ ಕಡೆ ಒಬ್ಬ ಮೇಷ್ಟ್ರು ಇರಬೇಕು, ಆ ಕರೆಯ ಹೊತ್ತನ್ನು ಇಲಾಖೆ ಅವನ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಫೋನು ನಿಜಕ್ಕೂ ಗೆದ್ದ ಕಡೆಗೆ ಬರುತ್ತೇನೆ. ಅದನ್ನು ನೋಡಲು ಶಾಲೆಗೆ ಹೋಗಬೇಕಾಗಿಲ್ಲ, ಇಲ್ಲಿಂದ ಸ್ಟೇಷನ್ನಿಗೆ ಹೋದರೆ ಸಾಕು. ನಮ್ಮೂರು ಹುಟ್ಟಿದ್ದೇ ರೈಲಿನಿಂದ. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ದಾರಿ ತೆರೆಯಿತು. ಆ ಕಾಲದ ಮೈಸೂರು ಕಮಿಷನರ್ ಬೌರಿಂಗ್ ಅವರ ಹೆಸರಿನಿಂದ ಇದು ಬೌರಿಂಗ್‌ಪೇಟೆ. ಕೆಜಿಎಫ್‌ನ ಚಿನ್ನದ ಗಣಿಗಾಗಿ ಇಲ್ಲಿಂದ ಮಾರಿಕುಪ್ಪಂಗೆ ಕವಲು ಹಾಕಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಕವಲು ದಾರಿಯ ಕೆಲಸ ತಿರುಗುಮುರುಗಾಯಿತು. ಗಣಿಗೆ ಜನ ತರುತ್ತಿದ್ದ ಗಾಡಿ ಈಗ ಗಣಿಯವರ ಮಕ್ಕಳನ್ನು, ಮೊಮ್ಮಕ್ಕಳನ್ನು ಬೆಂಗಳೂರಿಗೆ ಹೊತ್ತೊಯ್ಯುತ್ತದೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್‌ನಲ್ಲಿ ಹತ್ತಿದವರು ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಆಸ್ಪತ್ರೆ, ಶೋರೂಮು, ಕಂಪನಿ. ಹೋಗಿ ಬರಲು ದಿನಕ್ಕೆ ಮೂರು ನಾಲ್ಕು ಗಂಟೆ ಗಾಡಿಯಲ್ಲೇ.

ಮೊದಲು ಆ ಹೊತ್ತು ಇಸ್ಪೀಟಿಗೆ, ಹರಟೆಗೆ, ನಿದ್ದೆಗೆ ಹೋಗುತ್ತಿತ್ತು. ಈಗಲೂ ಹೋಗುತ್ತದೆ, ಹೋಗಲಿ. ಆದರೆ ಪ್ರತಿ ಬೋಗಿಯಲ್ಲೂ ಕೆಲವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓದುತ್ತಿರುತ್ತಾರೆ. ಒಮ್ಮೆ ನನ್ನ ಎದುರು ಕೂತಿದ್ದ ಹುಡುಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಅವಳ ಫೋನಿನ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ರಾತ್ರಿ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡ ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದಳು. “ನಿಧಾನ ಹೇಳ್ತಾರೆ ಸರ್, ಮಾಲೂರು ಬರೋದ್ರೊಳಗೆ ಒಂದು ಚಾಪ್ಟರ್ ಆಗಲ್ಲ” ಎಂದಳು. ಮಾಲೂರಾದ ಮೇಲೆ ಮಾಕ್ ಟೆಸ್ಟ್. ತಪ್ಪಾದ ಪ್ರಶ್ನೆಗಳ ಸ್ಕ್ರೀನ್‌ಶಾಟ್ ತೆಗೆದು ಟೆಲಿಗ್ರಾಂ ಗುಂಪಿಗೆ ಹಾಕುತ್ತಾಳೆ. ಗುರುತು ಪರಿಚಯವಿಲ್ಲದ ಯಾರೋ ಕಲಬುರಗಿಯಿಂದಲೋ ಹಾವೇರಿಯಿಂದಲೋ ಬಿಡಿಸಿ ಕಳಿಸುತ್ತಾರೆ. ಎಫ್‌ಡಿಎ, ಪಿಎಸ್‌ಐ, ರೈಲ್ವೆ, ಬ್ಯಾಂಕು, ಯಾವುದು ಕರೆದರೆ ಅದಕ್ಕೆ ಅರ್ಜಿ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರಿಗೆ ಸೇರಿ ಪಿಜಿಯಲ್ಲಿದ್ದು ಓದುವಷ್ಟು ದುಡ್ಡು ಅವಳ ಮನೆಯಲ್ಲಿಲ್ಲ. ಶಿಕಾರಿಪುರದ ‘ಸಾಧನಾ ಅಕಾಡೆಮಿ’ಯಂಥ ಯೂಟ್ಯೂಬ್ ವಾಹಿನಿಗಳು ಕನ್ನಡದಲ್ಲೇ ಪಾಠ ಮಾಡುವುದರಿಂದ ಅವಳಂಥವರಿಗೆ ದಾರಿಯಾಗಿದೆ.

ಅವಳಿಗೆ ಇದು ಏಕೆ ಒದಗಿತು, ನನ್ನ ಆರನೇ ಕ್ಲಾಸಿನವಳಿಗೆ ಏಕೆ ಒದಗಲಿಲ್ಲ ಎಂಬುದೇ ನನ್ನ ಉಪನ್ಯಾಸದ ತಿರುಳು. ಈಕೆಗೆ ಓದಲು ಬರುತ್ತದೆ. ಏನು ಓದಬೇಕೆಂಬುದು ಪರೀಕ್ಷೆಯ ಸಿಲಬಸ್ಸಿನಿಂದ ಗೊತ್ತಾಗುತ್ತದೆ. ಗಾಡಿಯಲ್ಲಿ ಯಾರೂ ನೀರು ತಾ ಎಂದು ಕೂಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಬಿರುಕು ಬಿಟ್ಟ ಫೋನು ಅವಳದೇ, ಅವಳ ಸಂಬಳದ್ದೇ. ‘ಅಸರ್’ 2023ರ ವರದಿ 14ರಿಂದ 18 ವಯಸ್ಸಿನವರ ಬಗ್ಗೆ ಹೇಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹತ್ತಿರ ಹತ್ತಿರ ನೂರಕ್ಕೆ 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಲು ಬಲ್ಲವರಲ್ಲಿ ತನ್ನದೇ ಫೋನು ಇರುವ ಹುಡುಗರು 43.7, ಹುಡುಗಿಯರು 19.8. ಮನೆಯ ದುಡ್ಡಿನಿಂದ ಬಂದ ಸಾಧನ ಮನೆಯ ಪದ್ಧತಿಯಂತೆಯೇ ನಡೆಯುತ್ತದೆ. ತಟ್ಟೆಗೆ ಅನ್ನ ಬಡಿಸುವ ಸರದಿ ಯಾವುದೋ, ಫೋನಿನ ಸರದಿಯೂ ಅದೇ.

ಹುಡುಗನ ಕೈಗೆ ಫೋನು ಬಂದ ಮಾತ್ರಕ್ಕೆ ಅವನು ಓದಿಬಿಡುತ್ತಾನೆಯೇ ಎಂದು ತಾಯಂದಿರು ಕೇಳುತ್ತಾರೆ. ಸರಿಯಾದ ಪ್ರಶ್ನೆ. 2024ರ ‘ಅಸರ್’ ವರದಿಯಲ್ಲಿ 14ರಿಂದ 16 ವಯಸ್ಸಿನವರನ್ನು ಕೇಳಿದಾಗ, ಹಿಂದಿನ ವಾರ ಫೋನಿನಲ್ಲಿ ಓದಿಗೆ ಸಂಬಂಧಿಸಿದ ಏನಾದರೂ ಮಾಡಿದ್ದೇವೆ ಎಂದವರು ನೂರಕ್ಕೆ 57. ಸೋಷಿಯಲ್ ಮೀಡಿಯಾ ನೋಡಿದ್ದೇವೆ ಎಂದವರು 76. ನಮ್ಮ ವಯಸ್ಸಿನವರನ್ನು ಕೇಳಿದರೆ ಮೊದಲ ಸಂಖ್ಯೆ ಇನ್ನೂ ಇಳಿಯುತ್ತದೆ, ಆ ಮಾತು ಬೇರೆ.

ಆ್ಯಪ್ ಕಂಪನಿಗಳ ವಿಷಯ ಬೇಗ ಮುಗಿಸುತ್ತೇನೆ. ಬೈಜೂಸ್ ಬೆಂಗಳೂರಿನದು, 2015ರಲ್ಲಿ ಆ್ಯಪ್ ತಂದಿತು, 2022ರಲ್ಲಿ ಅದರ ಬೆಲೆ 22 ಶತಕೋಟಿ ಡಾಲರ್ ಎಂದರು, 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸರ್ಕಾರಿ ಶಾಲೆ ಎಷ್ಟೇ ಸೋರಿದರೂ ಮಾರ್ಚ್ ಪರೀಕ್ಷೆಗೆ ಮುಂಚೆ ಮಾಯವಾಗುವುದಿಲ್ಲ. ಅದೇ ಜುಲೈನಲ್ಲಿ ಮೊಬೈಲ್ ಕಂಪನಿಗಳೂ ರೀಚಾರ್ಜ್ ದರ ಏರಿಸಿದವು. ಮೂರು ಫೋನಿರುವ ಗಾರ್ಮೆಂಟ್ಸ್ ಮನೆಗೆ ಅದು ಮೂಗಿಗಿಂತ ಮೂಗುತಿ ಭಾರ.

ಭಾಷೆಯ ಮಾತಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಗಡಿನಾಡಿನಲ್ಲಿ ಅದು ಬೇರೆ ಥರ. ರಾಬರ್ಟ್‌ಸನ್‌ಪೇಟೆಯ ಒಂದು ಮಗು ಮನೆಯಲ್ಲಿ ತಮಿಳು ಆಡುತ್ತದೆ, ಬೀದಿಯಲ್ಲಿ ತೆಲುಗು, ಉರ್ದು ಕೇಳುತ್ತದೆ, ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಕನ್ನಡವೂ ಕಡ್ಡಾಯ. ದ್ಯುತಿಸಂಶ್ಲೇಷಣೆ ಅರ್ಥವಾಗದಿದ್ದರೆ ಆ ಮಗು ಚೆನ್ನೈನ ಯಾರೋ ಅಣ್ಣ ತಮಿಳಿನಲ್ಲಿ ಮಾಡಿದ ವಿಡಿಯೊ ನೋಡುತ್ತದೆ, ಅರ್ಥ ಮಾಡಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಬರೆಯುತ್ತದೆ. ಇದರಿಂದ ಕನ್ನಡಕ್ಕೆ ನಷ್ಟ ಎಂದು ಕೆಲವರು ಗೊಣಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಮಗುವಿಗೆ ವಿಜ್ಞಾನ ಮನೆಮಾತಿನಲ್ಲಿ ಸಿಕ್ಕಿತಲ್ಲ, ನಾನು ತರಗತಿಯಲ್ಲಿ ಕೊಡಲಾಗದ್ದನ್ನು ಫೋನು ಕೊಟ್ಟಿತಲ್ಲ. ನಷ್ಟವಾಗುವುದು ಕನ್ನಡ ಮಾಧ್ಯಮದ ಮಗು ಹುಡುಕಿದಾಗ ಅಷ್ಟು ಒಳ್ಳೆಯ ವಿಡಿಯೊ ಸಿಗದೆ ಹೋದರೆ. 2009ರಲ್ಲಿ ಕರ್ನಾಟಕ ಜ್ಞಾನ ಆಯೋಗ ‘ಕಣಜ’ ತಾಣ ಕಟ್ಟಿತು. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕನ್ನಡದಲ್ಲಿ ವಿಡಿಯೊಗಳ ರಾಶಿಯೇ ಇದೆ, ಏಕೆಂದರೆ ಅಲ್ಲಿ ನೋಡುವವರಿದ್ದಾರೆ. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದಾದ ಮೇಲೆ ಅದು ಇನ್ನೂ ಹೆಚ್ಚಿದೆ. ಏಳನೇ ಕ್ಲಾಸಿನ ಬೆಳಕಿನ ಪಾಠಕ್ಕೆ ಅಷ್ಟು ಮುತುವರ್ಜಿ ಯಾರಿಗೂ ಇಲ್ಲ.

ಈಗ ನಮ್ಮ ಜಿಲ್ಲೆಯದೇ ಒಂದು ವಿಚಿತ್ರ. ಮಕ್ಕಳ ಮನೆಯಲ್ಲಿ ಫೋನಿದೆಯೇ ಎಂದು ನಾವು ಪಟ್ಟಿ ಮಾಡುತ್ತಿದ್ದ 2020ರಲ್ಲಿಯೇ ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. ಅದೇ ಡಿಸೆಂಬರ್ 12ರಂದು ಸಂಬಳದ ತಕರಾರಿನಿಂದ ಅಲ್ಲಿ ಗಲಭೆಯಾದದ್ದು ನಿಮಗೆ ನೆನಪಿರಬಹುದು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು. ಇಂಥ ವಿಚಿತ್ರ ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಕೆಜಿಎಫ್‌ಗೆ ಬಂದಾಗ, ಬೆಂಗಳೂರಿನ ಬೀದಿಗೂ ಇನ್ನೂ ದೀಪ ಬಂದಿರಲಿಲ್ಲ. ಅದು ಬಂದದ್ದು 1905ರಲ್ಲಿ. ತಂತಿ ಹಾದು ಹೋದ ಹಳ್ಳಿಗಳು ಮತ್ತೂ ದಶಕಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ವಿದ್ಯುತ್ತು ಮನೆಮನೆಗೆ ಬಂದದ್ದು ಅದು ಸಾರ್ವಜನಿಕ ಸೌಕರ್ಯ, ಸರ್ಕಾರದ ಹೊಣೆ ಎಂದು ಒಪ್ಪಿದ ಮೇಲೆ. ಫೋನಿನ ಓದಿನ ವಿಷಯದಲ್ಲಿ ನಾವು ಆ ಹಂತಕ್ಕೆ ಇನ್ನೂ ಬಂದಿಲ್ಲ.

ಬರಲು ಆಗದ ಮಾತೇನಲ್ಲ, ಅರ್ಧ ದಾರಿ ಹಾಕಿಯಾಗಿದೆ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 6ರಿಂದ 18 ವಯಸ್ಸಿನ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅವೇ ಈಗಿನ ‘ಅರಿವು ಕೇಂದ್ರ’ಗಳು, ಹಲವು ಕಡೆ ಕಂಪ್ಯೂಟರ್, ಸ್ಮಾರ್ಟ್‌ಫೋನ್, ಟಿವಿ ಇವೆ. ಅಲ್ಲಿ ಫೋನು ಅಪ್ಪನದಲ್ಲ, ಅಣ್ಣನದಲ್ಲ. ಹುಡುಗಿ ಸಂಜೆ ಹೋಗಿ ಅರ್ಧ ಗಂಟೆ ಅದರ ಮುಂದೆ ಕೂತರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಮೇಲ್ವಿಚಾರಕರು ಪಕ್ಕದಲ್ಲೇ ಇರುವುದರಿಂದ ಕೇಳಿದರೆ ಹೇಳುವವರೂ ಸಿಗುತ್ತಾರೆ. ಹಳ್ಳಿಗೆ ಇಷ್ಟಾದರೂ ಇದೆ. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯಂಥ ಪಟ್ಟಣಗಳಲ್ಲಿ, ಗಣಿ ಲೈನುಗಳ ಒಂದು ಕೋಣೆಯ ಮನೆಗಳಿಂದ ಬರುವ ಮಕ್ಕಳಿಗೆ ಏನಿದೆ ಎಂದು ಇಲ್ಲಿರುವ ಪುರಸಭೆ, ನಗರಸಭೆ ಸದಸ್ಯರನ್ನು ಕೇಳುತ್ತೇನೆ.

ನಾನು ಕೇಳುವುದು ಚಿಕ್ಕದು. ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲಿ ಒಂದು ಓದುಕೋಣೆ. ಮೊದಲ ಗಾಡಿಗೆ ಮುಂಚೆ ತೆರೆಯಬೇಕು, ರಾತ್ರಿ ಹತ್ತರವರೆಗೆ ಇರಬೇಕು. ವೈಫೈ, ಗೋಡೆಯುದ್ದಕ್ಕೂ ಪ್ಲಗ್ ಪಾಯಿಂಟು, ಕಾರ್ಡ್ ತೋರಿಸಿ ಕೈಗೆ ತೆಗೆದುಕೊಳ್ಳುವ ಹತ್ತು ಟ್ಯಾಬು, ಹೆಣ್ಣುಮಕ್ಕಳು ಧೈರ್ಯವಾಗಿ ಬರುವಂತೆ ಒಳ್ಳೆಯ ಬೆಳಕು, ಒಂದು ಶೌಚಾಲಯ. ಪಾಳಿಯ ಮೇಲೆ ಇಬ್ಬರು ಸಿಬ್ಬಂದಿ. ದುಡ್ಡೆಲ್ಲಿದೆ ಎನ್ನುತ್ತೀರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ. ಹೀಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಪೂರ್ತಿ ಕಟ್ಟುತ್ತಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು. ಮನೆಗೆ ಹೋಗಿ ಈ ವರ್ಷದ ಕಂದಾಯದ ರಸೀದಿ ತೆಗೆದು ನೋಡಿ, ಆ ಸಾಲು ಇರುತ್ತದೆ. ನಮ್ಮೂರಿನ ಆ ಮೊತ್ತ ವರ್ಷಕ್ಕೆ ಎಷ್ಟು, ಅದು ಎಲ್ಲಿಗೆ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವ ಅರ್ಜಿಯನ್ನು ನಾನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಸಹಿ ಹಾಕಬೇಕೆನ್ನುವವರು ಬಾಗಿಲ ಬಳಿಯ ಮೇಜಿನ ಹತ್ತಿರ ಬನ್ನಿ. ಗಾಡಿ ಹಿಡಿಯಬೇಕಾದವರಿಗೆ ಮೊದಲ ಸರದಿ.